ಸಂಖ್ಯೆಗಳ ಹಾರ ಕಟ್ಟಿದ ಮಹಾವೀರಾಚಾರ್ಯರು

ಈ ತಿಂಗಳ ವ್ಯಕ್ತಿ ಪರಿಚಯಕ್ಕೆ ಕವಿಗಳನ್ನು ಬಿಟ್ಟು ಒಬ್ಬ ಗಣಿತಜ್ಞರನ್ನು ಆರಿಸಿದ್ದೇವೆ. ಮಹಾವೀರ ಎಂದೊಡನೆ ನಮ್ಮ ಕೂನೂರಿನ ಮಕ್ಕಳಿಗೆ ನೆನಪಾಗುವುದು ತೀರ್ಥಂಕರರು. ಇವರು ಬೇರೆ. ತೀರ್ಥಂಕರರಿಗೆ ವಂದಿಸಿಯೇ ಗ್ರಂಥ ಆರಂಭಿಸಿದ ಜೈನ ವಿದ್ವಾಂಸರು.

ಇವರ ಊರು, ತಂದೆ ತಾಯಿ ಯಾವುದನ್ನೂ ಇವರು ಬರೆದಿಟ್ಟಿಲ್ಲ. ಆದರೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಮೊದಲಲ್ಲೇ ಹೊಗಳಿದ್ದಾರೆ. ಅವನು ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನವೂ ಅದೇ. ಇವರನ್ನು ನಮ್ಮವರೆನ್ನಲು ನಮಗಿರುವ ಆಧಾರ ಆ ಹೊಗಳಿಕೆಯೇ. ನಮಗೆ ಅದು ಸಾಕು.

ಅವರ ಗ್ರಂಥ ಗಣಿತಸಾರಸಂಗ್ರಹ. ಭಾಷೆ ಸಂಸ್ಕೃತ, ಸಾವಿರಕ್ಕೂ ಹೆಚ್ಚು ಶ್ಲೋಕಗಳು. ಏಕ, ದಶ, ಶತ ಎಂದು ಹೊರಟು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಹೇಳುತ್ತಾರೆ. ಮಹಾಕ್ಷೋಭ ಅಂದರೆ ಒಂದರ ಮುಂದೆ 23 ಸೊನ್ನೆ. ಇಷ್ಟು ದೊಡ್ಡ ಮೊತ್ತ ಯಾವ ಖಜಾನೆಯ ಲೆಕ್ಕದಲ್ಲೂ ಬರಲಾರದು, ಆದರೂ ಹೆಸರಿಟ್ಟರು.

ನಮ್ಮನ್ನು ಬಹಳ ಸೆಳೆದದ್ದು ಅವರ ಗುಣಾಕಾರದ ಲೆಕ್ಕಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥವನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ನಮ್ಮ ರೂಢಿಯಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಇದು 111111ರ ವರ್ಗ. 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯಗಳ ಗುಣಲಬ್ಧ. ಆದ್ದರಿಂದ ಹಾರದ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ, ಒಟ್ಟು ಭಾಜಕಗಳು 243. ಅಂಕಿಗಳನ್ನು ಕೂಡಿದರೆ 36, ಹಾಗಾಗಿ ಒಂಬತ್ತರಿಂದ ನಿಶ್ಶೇಷ ಭಾಗವಾಗುತ್ತದೆ. ವರ್ಷಗಟ್ಟಲೆ ಲೆಡ್ಜರ್ ಕೂಡಿದ ನಮ್ಮಂಥ ಗುಮಾಸ್ತರಿಗೆ ಒಂಬತ್ತರ ಈ ತಾಳೆ ಹಳೆಯ ಸ್ನೇಹಿತ. 152207ನ್ನು 73ರಿಂದ ಗುಣಿಸಿ ನೋಡಿ, ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ.

ಬರೀ ಚಮತ್ಕಾರವಲ್ಲ. 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಬೆಲೆ 107. 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಇದೂ ಅವರದೇ ಲೆಕ್ಕ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆಗಲೇ ಸ್ಪಷ್ಟವಾಗಿ ಬರೆದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ಮಾತ್ರ ತಪ್ಪು. ನಮ್ಮವರೆಂದು ಅದನ್ನು ಮುಚ್ಚಿಡಬೇಕಿಲ್ಲ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಆಗ ನಮ್ಮ ನೀಲಗಿರಿಯೂ ಅದೇ ಪ್ರಾಂತ್ಯದಲ್ಲಿತ್ತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜ ಜೈನ ಮಠದಿಂದ ಬಂದದ್ದು 2000ದಲ್ಲಿ. ನೃಪತುಂಗನ ನಾಡಿನ ಪುಸ್ತಕ ನೃಪತುಂಗನ ಭಾಷೆಗೆ ಬರಲು ಇಷ್ಟು ಕಾಲ ಹಿಡಿಯಿತಲ್ಲ ಎಂಬ ಸಂಕಟ ನಮಗಿದೆ.

ಮುಂದಿನ ಸಭೆಗೆ ಮಕ್ಕಳನ್ನು ಕರೆತನ್ನಿ, ಜೊತೆಗೆ ಕಾಗದ, ಪೆನ್ಸಿಲ್ ಇರಲಿ. 333333666667ನ್ನು 33ರಿಂದ ಗುಣಿಸಬೇಕು. ಮೊಬೈಲ್ ಚೀಲದಲ್ಲೇ ಇರಲಿ.