ರಾಬರ್ಟ್ ವಿಲಿಯಂ ಥಾಮ್ಸನ್

ರಾಬರ್ಟ್ ವಿಲಿಯಂ ಥಾಮ್ಸನ್ (29 ಜೂನ್ 1822 – 8 ಮಾರ್ಚ್ 1873) ಸ್ಕಾಟ್ಲೆಂಡಿನ ಎಂಜಿನಿಯರ್ ಹಾಗೂ ಉಪಜ್ಞೆಕಾರ. ಗಾಳಿ ತುಂಬಿದ ಟೈರಿಗೆ ಮೊತ್ತಮೊದಲು ಪೇಟೆಂಟ್ ಪಡೆದವನು ಈತ. ಜಾನ್ ಬಾಯ್ಡ್ ಡನ್‌ಲಪ್ ಇದೇ ತತ್ತ್ವವನ್ನು ಮತ್ತೆ ಕಂಡುಕೊಳ್ಳುವುದಕ್ಕೆ ನಾಲ್ಕು ದಶಕಗಳಿಗೂ ಮುಂಚೆ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಥಾಮ್ಸನ್ ಈ ಸಾಧನೆ ಮಾಡಿದ. ಬದುಕಿನ ಕೊನೆಯ ವರ್ಷಗಳಲ್ಲಿ ಭಾರೀ ಹೊರೆ ಎಳೆಯುವ ಉಗಿ ವಾಹನಗಳಿಗೆ ದಪ್ಪ ರಬ್ಬರ್ ಟೈರುಗಳನ್ನು ರೂಪಿಸಿದ. ಭಾರೀ ವಾಹನದ ಚಕ್ರವು ರಸ್ತೆಯನ್ನು ಬಿಗಿಯಾಗಿ ಹಿಡಿಯಬೇಕು, ಆದರೆ ಬೇಗ ಸವೆಯಬಾರದು ಎಂಬ ಸಮಸ್ಯೆಯನ್ನು ರಬ್ಬರಿನ ಮೂಲಕ ಬಿಡಿಸಲು ಯತ್ನಿಸಿದ ಮೊದಲಿಗರಲ್ಲಿ ಈತ ಪ್ರಮುಖ. ಇಂದು ಲಾರಿ, ಬಸ್ಸುಗಳ ಟೈರಿನ ಮೇಲೆ ಕಾಣುವ ತೋಡುಗಳ ವಿನ್ಯಾಸ ಅದೇ ಸಮಸ್ಯೆಗೆ ನಂತರದ ಕಾಲ ಕಂಡುಕೊಂಡ ಉತ್ತರ.

ಜನನ ಮತ್ತು ಬಾಲ್ಯ

ಥಾಮ್ಸನ್ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸ್ಟೋನ್‌ಹೇವನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದ. ತಂದೆ ಉಣ್ಣೆ ಗಿರಣಿಯ ಒಡೆಯ. ಹನ್ನೆರಡು ಮಕ್ಕಳಲ್ಲಿ ಈತ ಹನ್ನೊಂದನೆಯವನು. ಮಗ ಪಾದ್ರಿಯಾಗಬೇಕೆಂಬುದು ಮನೆಯವರ ಬಯಕೆಯಾಗಿತ್ತು. ಆದರೆ ಲ್ಯಾಟಿನ್ ಭಾಷೆ ತಲೆಗೆ ಹತ್ತದ ಕಾರಣ ಆ ಯೋಚನೆಯನ್ನು ಕೈಬಿಡಬೇಕಾಯಿತು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿದ್ದ ಸಂಬಂಧಿಕನ ಬಳಿಗೆ ವ್ಯಾಪಾರ ಕಲಿಯಲು ಹೋದ. ಎರಡು ವರ್ಷಗಳ ಬಳಿಕ ಊರಿಗೆ ಮರಳಿದ.

ಅನಂತರ ರಸಾಯನಶಾಸ್ತ್ರ, ವಿದ್ಯುತ್ತು ಮತ್ತು ಖಗೋಳವನ್ನು ಸ್ವಂತವಾಗಿ ಅಭ್ಯಾಸ ಮಾಡಿದ. ಗಣಿತ ಬಲ್ಲ ಊರಿನ ಒಬ್ಬ ನೇಕಾರ ಇದಕ್ಕೆ ನೆರವಾದ. ತಂದೆ ಒಂದು ಕಮ್ಮಟದ ಕೋಣೆಯನ್ನು ಒದಗಿಸಿಕೊಟ್ಟ. ಹದಿನೇಳು ತುಂಬುವ ಮೊದಲೇ, ತಾಯಿ ಬಟ್ಟೆ ಹಿಂಡಲು ಬಳಸುತ್ತಿದ್ದ ಉರುಳೆಯಂತ್ರವನ್ನು, ಒದ್ದೆಬಟ್ಟೆ ಎರಡೂ ದಿಕ್ಕಿನಿಂದ ಹಾಯುವಂತೆ ಮರುರೂಪಿಸಿದ. ಪಟ್ಟಿ ಗರಗಸವೊಂದನ್ನೂ ತಯಾರಿಸಿದ. ತಿರುಗುವ ಮಾದರಿಯ ಉಗಿ ಎಂಜಿನ್ನಿನ ಮೊದಲ ನಮೂನೆಯನ್ನೂ ಇದೇ ಕಾಲದಲ್ಲಿ ನಿರ್ಮಿಸಿದ.

ಆರಂಭಿಕ ವೃತ್ತಿಜೀವನ

ಅಬರ್ಡೀನ್ ಮತ್ತು ಡಂಡಿ ನಗರಗಳಲ್ಲಿ ಕೆಲಸ ಕಲಿತ ಬಳಿಕ ಥಾಮ್ಸನ್ ಸಿವಿಲ್ ಎಂಜಿನಿಯರಿಂಗ್ ಸಂಸ್ಥೆಯೊಂದನ್ನು ಸೇರಿದ. ಸಿಡಿಮದ್ದನ್ನು ದೂರದಿಂದ ವಿದ್ಯುತ್ತಿನ ಮೂಲಕ ಸಿಡಿಸುವ ವಿಧಾನವನ್ನು ರೂಪಿಸಿದ್ದು ಈ ಅವಧಿಯಲ್ಲಿ. ಬತ್ತಿಗೆ ಕೈಯಿಂದ ಬೆಂಕಿ ಹಚ್ಚಿ ಓಡುವ ರೂಢಿಯಲ್ಲಿ ಗಣಿ ಹಾಗೂ ಸುರಂಗ ಕೆಲಸಗಾರರು ಪ್ರಾಣ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಇದೊಂದು ಮಹತ್ವದ ಸುಧಾರಣೆಯಾಗಿತ್ತು. ವಿಜ್ಞಾನಿ ಮೈಕೆಲ್ ಫ್ಯಾರಡೆಯ ಪ್ರೋತ್ಸಾಹವೂ ಈ ಪ್ರಯತ್ನಕ್ಕೆ ದೊರೆಯಿತು. ಇಂಗ್ಲೆಂಡಿನ ಡೋವರ್ ಬಳಿ ರೈಲುಮಾರ್ಗಕ್ಕಾಗಿ ಸೀಮೆಸುಣ್ಣದ ಬಂಡೆಗಳನ್ನು ಒಡೆಯುವ ಕೆಲಸದಲ್ಲಿ ಈ ವಿಧಾನ ಬಳಕೆಯಾಯಿತು. ಮುಂದೆ ಥಾಮ್ಸನ್ ರೈಲ್ವೆ ಎಂಜಿನಿಯರ್ ಆಗಿ ಸ್ವತಂತ್ರವಾಗಿ ವೃತ್ತಿ ನಡೆಸಿದ.

ಗಾಳಿಚಕ್ರ

1845ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ 10,990ನೆಯ ಸಂಖ್ಯೆಯ ಪೇಟೆಂಟ್ ಥಾಮ್ಸನ್‌ಗೆ ದೊರೆಯಿತು. 1846ರಲ್ಲಿ ಫ್ರಾನ್ಸ್, 1847ರಲ್ಲಿ ಅಮೆರಿಕ ಇದೇ ಉಪಜ್ಞೆಗೆ ಪೇಟೆಂಟ್ ನೀಡಿದವು. ರಬ್ಬರ್ ಲೇಪಿಸಿದ ಕ್ಯಾನ್ವಾಸ್ ಬಟ್ಟೆಯ ಟೊಳ್ಳು ಕೊಳವೆಯಲ್ಲಿ ಗಾಳಿ ತುಂಬಿ, ಅದರ ಮೇಲೆ ಗಟ್ಟಿ ತೊಗಲಿನ ಹೊದಿಕೆ ಹಾಕಿ, ಆ ಹೊದಿಕೆಯನ್ನು ಚಕ್ರದ ಬಳೆಗೆ ಬೋಲ್ಟುಗಳಿಂದ ಬಿಗಿಯುವುದು ಇದರ ರಚನೆ. ಒಂದೇ ಕೊಳವೆಯ ಬದಲು ಹಲವು ಸಣ್ಣ ಕೊಳವೆಗಳನ್ನು ಒಟ್ಟಿಗೆ ಅಳವಡಿಸುವ ಸಾಧ್ಯತೆಯನ್ನೂ ಪೇಟೆಂಟಿನಲ್ಲಿ ಸೂಚಿಸಲಾಗಿತ್ತು. ಚಕ್ರವು ಗಾಳಿಯ ಮೆತ್ತೆಯ ಮೇಲೆ ಉರುಳುವುದರಿಂದ ಬಂಡಿ ಎಳೆಯಲು ಬೇಕಾಗುವ ಬಲ ಕಡಿಮೆಯಾಗುತ್ತದೆ, ಸದ್ದು ಅಡಗುತ್ತದೆ, ಪ್ರಯಾಣ ಸುಖಕರವಾಗುತ್ತದೆ ಎಂಬುದು ಆತನ ಪ್ರತಿಪಾದನೆ.

1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಈ ಚಕ್ರಗಳನ್ನು ಕುದುರೆ ಸಾರೋಟುಗಳಿಗೆ ಅಳವಡಿಸಿ ಪ್ರದರ್ಶಿಸಲಾಯಿತು. ಎಳೆಯುವ ಬಲವನ್ನು ಅಳೆದು ನೋಡಿದಾಗ, ಸಮತಟ್ಟಾದ ಜಲ್ಲಿ ರಸ್ತೆಯಲ್ಲಿ ಸಾಧಾರಣ ಚಕ್ರಗಳಿಗೆ 45 ಪೌಂಡು ಬಲ ಬೇಕಾದರೆ ಗಾಳಿಚಕ್ರಗಳಿಗೆ 28 ಪೌಂಡು ಸಾಕಾಯಿತು. ಹೊಸದಾಗಿ ಒಡೆದ ಕಲ್ಲು ಹರಡಿದ ದಾರಿಯಲ್ಲಿ 120 ಪೌಂಡಿನ ಬದಲು 38½ ಪೌಂಡು ಸಾಕಾಯಿತು. ದಾರಿ ಕೆಟ್ಟಷ್ಟೂ ಲಾಭ ಹೆಚ್ಚು ಎಂಬುದು ಈ ಅಂಕಿಗಳಿಂದ ಸ್ಪಷ್ಟವಾಯಿತು. ಒಂದು ಜೊತೆ ಚಕ್ರಗಳು ಸುಮಾರು 1,200 ಮೈಲಿ ಓಡಿಯೂ ಕೆಡದೆ ಉಳಿದವು.

ಇಷ್ಟಾದರೂ ಗಾಳಿಚಕ್ರ ಬಳಕೆಗೆ ಬರಲಿಲ್ಲ. ತೆಳುವಾದ, ಗಟ್ಟಿಯಾದ ರಬ್ಬರ್ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಗಂಧಕ ಬೆರೆಸಿ ರಬ್ಬರನ್ನು ಹದಗೊಳಿಸುವ ವಲ್ಕನೀಕರಣ ಇನ್ನೂ ಹೊಸತಾಗಿತ್ತು. ಬೆಲೆಯೂ ದುಬಾರಿ. ಎಲ್ಲಕ್ಕಿಂತ ಮಿಗಿಲಾಗಿ, ಸೈಕಲ್ಲಾಗಲಿ ಮೋಟಾರು ಕಾರಾಗಲಿ ಇಲ್ಲದ ಆ ಕಾಲದಲ್ಲಿ ಇಂಥ ಚಕ್ರವನ್ನು ಬೇಡುವ ವಾಹನವೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಜನ ಇದನ್ನು ಮರೆತರು. 1849ರಲ್ಲಿ ಥಾಮ್ಸನ್ ತಾನೇ ಶಾಯಿ ತುಂಬಿಕೊಳ್ಳುವ ಲೇಖನಿಗೆ ಪೇಟೆಂಟ್ ಪಡೆದ.

ಜಾವಾ ದ್ವೀಪದಲ್ಲಿ

1852ರಲ್ಲಿ ಥಾಮ್ಸನ್ ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪಕ್ಕೆ ಸಕ್ಕರೆ ಕಾರ್ಖಾನೆಯ ಕೆಲಸಕ್ಕಾಗಿ ತೆರಳಿದ. ಕಬ್ಬು ಅರೆಯುವ ಹಾಗೂ ಸಕ್ಕರೆ ತಯಾರಿಸುವ ಯಂತ್ರಗಳನ್ನು ಅಲ್ಲಿ ಸುಧಾರಿಸಿದ. ಬೇಕಾದೆಡೆಗೆ ಒಯ್ಯಬಹುದಾದ ಉಗಿ ಕ್ರೇನನ್ನೂ ರೂಪಿಸಿದ. ಕ್ಲಾರಾ ಹರ್ಟ್ಸ್ ಎಂಬಾಕೆಯನ್ನು ಮದುವೆಯಾದ. ಈ ದಂಪತಿಗೆ ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳು. ಆರೋಗ್ಯ ಕೆಟ್ಟದ್ದರಿಂದ 1862ರಲ್ಲಿ ಸ್ಕಾಟ್ಲೆಂಡಿಗೆ ಮರಳಿ ಎಡಿನ್‌ಬರೋದಲ್ಲಿ ನೆಲೆಸಿದ.

ಜಾವಾದ ಅನುಭವ ಆತನನ್ನು ಮತ್ತೆ ಚಕ್ರದ ಕಡೆಗೆ ತಿರುಗಿಸಿತು. ಕಬ್ಬನ್ನು ಗದ್ದೆಯಿಂದ ಕಾರ್ಖಾನೆಗೆ ಸಾಗಿಸಲು ಉಗಿ ಎಂಜಿನ್ ಬಳಸಬೇಕೆಂದರೆ ಎರಡು ತೊಡಕುಗಳಿದ್ದವು. ಕಬ್ಬಿಣದ ಚಕ್ರಗಳು ಮೆದು ನೆಲದಲ್ಲಿ ಹೂತುಹೋಗುತ್ತಿದ್ದವು. ಗಟ್ಟಿ ರಸ್ತೆಯಲ್ಲಿ ಜಾರುತ್ತಿದ್ದವು, ಇಲ್ಲವೇ ರಸ್ತೆಯನ್ನೇ ಒಡೆಯುತ್ತಿದ್ದವು. ಹಿಡಿತಕ್ಕಾಗಿ ಚಕ್ರಕ್ಕೆ ಕಬ್ಬಿಣದ ಹಲ್ಲುಗಳನ್ನು ಕೂರಿಸಿದರೆ ರಸ್ತೆ ಇನ್ನಷ್ಟು ಹಾಳಾಗುತ್ತಿತ್ತು.

ರಸ್ತೆಯ ಉಗಿ ವಾಹನ

1867ರಲ್ಲಿ ಥಾಮ್ಸನ್ ಘನ ರಬ್ಬರ್ ಟೈರಿನ ಉಗಿ ವಾಹನಕ್ಕೆ ಪೇಟೆಂಟ್ ಪಡೆದ. ಮೂರು ಚಕ್ರಗಳ ಈ ವಾಹನಕ್ಕೆ ಆತನೇ ವಿನ್ಯಾಸಗೊಳಿಸಿದ ನೆಟ್ಟನೆಯ ಬಾಯ್ಲರು ಇತ್ತು. ಟೈರಿನ ರಬ್ಬರ್ ಸುಮಾರು 5 ಅಂಗುಲ ದಪ್ಪ. ಹೊರೆ ಬಿದ್ದಾಗ ಈ ರಬ್ಬರ್ ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ತೂಕವನ್ನು ವಿಶಾಲವಾದ ಜಾಗಕ್ಕೆ ಹಂಚುತ್ತಿತ್ತು. ಇದರಿಂದ ಚಕ್ರ ಮೆದು ನೆಲದಲ್ಲಿ ಹೂಳುತ್ತಿರಲಿಲ್ಲ, ಒದ್ದೆ ರಸ್ತೆಯಲ್ಲಿಯೂ ಜಾರುತ್ತಿರಲಿಲ್ಲ.

ಚೂಪುಗಲ್ಲುಗಳಿಂದ ರಬ್ಬರ್ ಸೀಳಿ ಸವೆಯುವುದನ್ನು ತಡೆಯಲು ಟೈರಿನ ಸುತ್ತ ಉಕ್ಕಿನ ಪಟ್ಟಿಗಳ ಸರಪಣಿಯನ್ನು ತೊಡಿಸಲಾಯಿತು. ನೆಲಕ್ಕೆ ತಾಗಿ ಸವೆಯುವ ಭಾಗ ಬೇರೆ, ಹೊರೆ ಹೊತ್ತು ಬಳುಕುವ ಭಾಗ ಬೇರೆ ಎಂಬ ವಿಭಾಗ ಈ ರಚನೆಯಲ್ಲಿತ್ತು. ಇಂದಿನ ಟೈರಿನಲ್ಲಿ ನೆಲಕ್ಕೆ ತಾಗುವ ಹೊರಪದರ ಟ್ರೆಡ್, ಹೊರೆ ತಾಳುವ ಒಳಕಟ್ಟು ಅದರ ಅಡಿಯಲ್ಲಿರುವ ದಾರ ಅಥವಾ ಉಕ್ಕಿನ ತಂತಿಯ ಪದರ. ಸವೆದ ಟ್ರೆಡ್ಡನ್ನು ತೆಗೆದು ಹೊಸತನ್ನು ಅಂಟಿಸುವ ರೀಟ್ರೆಡಿಂಗ್ ಕೆಲಸ ಸಾಧ್ಯವಾಗಿರುವುದು ಈ ವಿಭಾಗದಿಂದಲೇ.

ಭಾರತದಲ್ಲಿ ಥಾಮ್ಸನ್ ವಾಹನ

ಥಾಮ್ಸನ್ನನ ವಾಹನಗಳನ್ನು ಬ್ರಿಟನ್ನಿನ ಹಲವು ಕಂಪನಿಗಳು ಪರವಾನಗಿ ಪಡೆದು ತಯಾರಿಸಿದವು. ಭಾರತದಲ್ಲಿ ಸೇನೆಯ ಅಧಿಕಾರಿಯಾಗಿದ್ದ ಆರ್.ಇ.ಬಿ. ಕ್ರಾಂಪ್ಟನ್ ಎತ್ತಿನ ಬಂಡಿಗಳ ಬದಲು ಇವುಗಳನ್ನು ಸಾಗಣೆಗೆ ಬಳಸುವ ಯೋಜನೆಯನ್ನು ಸರ್ಕಾರದ ಮುಂದಿಟ್ಟ. ಈತ ಮುಂದೆ ವಿದ್ಯುತ್ ಎಂಜಿನಿಯರಾಗಿ ಪ್ರಸಿದ್ಧನಾದವನು. ಯೋಜನೆಗಾಗಿ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರ‍್ಯಾನ್ಸಮ್ಸ್ ಕಂಪನಿ ನಿರ್ಮಿಸಿದ ವಾಹನಗಳಿಗೆ ಚೀನಾಬ್, ರಾವಿ ಮೊದಲಾದ ಪಂಜಾಬಿನ ನದಿಗಳ ಹೆಸರಿಡಲಾಯಿತು. 1871ರಲ್ಲಿ ಇಪ್ಸ್‌ವಿಚ್‌ನಿಂದ ಎಡಿನ್‌ಬರೋಗೆ ಹೋಗಿ ಮರಳುವ ಪರೀಕ್ಷಾ ಪ್ರಯಾಣವನ್ನೂ ನಡೆಸಲಾಯಿತು. ಮೂಲ ಬಾಯ್ಲರು ಸಾಕಷ್ಟು ಉಗಿ ಒದಗಿಸದ ಕಾರಣ ಬೇರೆ ಬಗೆಯ ಬಾಯ್ಲರನ್ನು ಅಳವಡಿಸಬೇಕಾಯಿತು. ಬಳಿಕ ಈ ವಾಹನಗಳು ರಾವಲ್ಪಿಂಡಿ ಪ್ರದೇಶದಲ್ಲಿ ಕೆಲಸ ಮಾಡಿದವು. ರೈಲುಮಾರ್ಗಗಳು ಹಬ್ಬುತ್ತಿದ್ದಂತೆ ರಸ್ತೆಯ ಉಗಿ ಸಾಗಣೆ ಹಿಂದೆ ಸರಿಯಿತು.

ನಿಧನ ಹಾಗೂ ಡನ್‌ಲಪ್ ಪ್ರಕರಣ

ಕೊನೆಯ ವರ್ಷಗಳಲ್ಲಿ ಥಾಮ್ಸನ್‌ಗೆ ಕಾಯಿಲೆ ಬಿಡಲಿಲ್ಲ. 1873ರ ಮಾರ್ಚ್ 8ರಂದು, ಐವತ್ತನೆಯ ವಯಸ್ಸಿನಲ್ಲಿ, ಎಡಿನ್‌ಬರೋದ ಮೋರೇ ಪ್ಲೇಸಿನ ಮನೆಯಲ್ಲಿ ಮರಣಹೊಂದಿದ. ಡೀನ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ರಬ್ಬರಿನ ಪಟ್ಟಿ, ಮೆತ್ತೆಗಳಿಗೆ ಸಂಬಂಧಿಸಿದ ಆತನ ಕೊನೆಯ ಪೇಟೆಂಟ್ ಅರ್ಜಿಯನ್ನು ಪತ್ನಿ ಕ್ಲಾರಾ ಆತನ ಮರಣಾನಂತರ ಸಲ್ಲಿಸಿದಳು.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ಟೈರನ್ನು ತಯಾರಿಸಿ ಪೇಟೆಂಟ್ ಪಡೆದ. ಥಾಮ್ಸನ್ನನ ಕೆಲಸದ ಅರಿವು ಆತನಿಗಿರಲಿಲ್ಲ. ಎರಡು ವರ್ಷಗಳ ಬಳಿಕ, ಥಾಮ್ಸನ್ನನ ಹಿಂದಿನ ಪೇಟೆಂಟಿನ ಕಾರಣ ಡನ್‌ಲಪ್‌ನ ಪೇಟೆಂಟ್ ಅಸಿಂಧುವೆಂದು ತಿಳಿಸಲಾಯಿತು. ಅಷ್ಟರಲ್ಲಿ ಸೈಕಲ್ ಜನಪ್ರಿಯವಾಗಿತ್ತು. ಉದ್ಯಮ ಬೆಳೆದದ್ದು ಡನ್‌ಲಪ್ ಹೆಸರಿನಲ್ಲಿ. ಮೊದಲಿಗನೆಂಬ ಹಕ್ಕು ಕಡತದಲ್ಲಿ ಉಳಿದದ್ದು ಥಾಮ್ಸನ್ ಹೆಸರಿನಲ್ಲಿ.

ಟ್ರೆಡ್ ವಿನ್ಯಾಸದ ಮುಂದಿನ ಬೆಳವಣಿಗೆ

ಆರಂಭದ ಗಾಳಿ ಟೈರುಗಳ ಹೊರಮೈ ನುಣುಪಾಗಿತ್ತು. 1904ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪನಿ ವಿನ್ಯಾಸವುಳ್ಳ ಟ್ರೆಡ್ಡಿನ ಟೈರನ್ನು ಹೊರತಂದಿತು. ರಬ್ಬರಿನಲ್ಲಿ ಕೊಯ್ಯುವ ಸಣ್ಣ ಸೀಳುಗಳಿಗೆ ಸೈಪ್ ಎಂಬ ಹೆಸರು ಬಂದದ್ದು ಜಾನ್ ಸೈಪ್ ಎಂಬವನಿಂದ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆದು, 1952ರಲ್ಲಿ ಲಾರಿಗಳಿಗೂ ಅದನ್ನು ತಂದಿತು.

ಲಾರಿ ಟೈರುಗಳ ಬಾಳಿಕೆ ಹೆಚ್ಚಿದಂತೆ ಅಸಮ ಸವೆತ ಮುಖ್ಯ ಸಮಸ್ಯೆಯಾಯಿತು. ಟ್ರೆಡ್ಡಿನ ನಡುಭಾಗಕ್ಕಿಂತ ಅಂಚಿನ ಭಾಗದ ಸುತ್ತಳತೆ ತುಸು ಕಡಿಮೆ. ಚಕ್ರ ಒಂದು ಸುತ್ತು ಉರುಳುವಾಗ ಎರಡೂ ಒಂದೇ ದೂರ ಕ್ರಮಿಸಬೇಕಾದುದರಿಂದ ಅಂಚು ಸ್ವಲ್ಪ ಎಳೆದುಕೊಂಡು ಹೋಗುತ್ತದೆ. ಹೀಗೆ ಉಜ್ಜಿ ಉಜ್ಜಿ ಅಂಚು ನಡುಭಾಗಕ್ಕಿಂತ ಬೇಗ ಸವೆಯುತ್ತದೆ. ಇದಕ್ಕೆ ಪರಿಹಾರವಾಗಿ ಅಂಚಿನ ಬಳಿ ಸುತ್ತಲೂ ಕಿರಿದಾದ, ಆಳವಾದ ತೋಡು ತೆಗೆಯಲಾಗುತ್ತದೆ. ತೋಡಿನ ಹೊರಗೆ ಉಳಿಯುವ ತೆಳು ಪಟ್ಟಿ ಉಜ್ಜಾಟವನ್ನು ತಾನೇ ತಾಳಿಕೊಂಡು ಸವೆದು, ಒಳಗಿನ ಅಗಲ ಪಟ್ಟಿಗಳನ್ನು ಕಾಪಾಡುತ್ತದೆ. ಅಗಲ ತೋಡುಗಳ ಅಂಚಿನಲ್ಲಿ ಸಣ್ಣ ಸೀಳುಗಳನ್ನು ಕೊಯ್ದರೆ ಆ ಅಂಚಿನ ಬಿಗಿ ಸಡಿಲಿ ಸವೆತ ಸಮವಾಗುತ್ತದೆ. ಎಂಜಿನ್ ಬಲ ಪಡೆಯುವ ಹಿಂದಿನ ಚಕ್ರಗಳ ಕಟ್ಟೆಗಳು ಒಂದು ತುದಿಯಲ್ಲಿ ಹೆಚ್ಚು ಸವೆಯದಂತೆ ಅವುಗಳ ನಡುವೆ ರಬ್ಬರಿನ ಸೇತುವೆ ಬಿಡುವುದೂ ಉಂಟು.

ವಿನ್ಯಾಸ ಎಷ್ಟೇ ಉತ್ತಮವಾಗಿದ್ದರೂ ನಿರ್ವಹಣೆ ತಪ್ಪಿದರೆ ಸವೆತ ತಪ್ಪದು. ಗಾಳಿ ಕಡಿಮೆಯಿದ್ದರೆ ಎರಡೂ ಅಂಚುಗಳು, ಹೆಚ್ಚಿದ್ದರೆ ನಡುಭಾಗ ಬೇಗ ಸವೆಯುತ್ತವೆ. ವೀಲ್ ಅಲೈನ್‌ಮೆಂಟ್ ಕೆಟ್ಟರೆ ಟ್ರೆಡ್ ಪಟ್ಟಿಗಳ ಒಂದು ಪಕ್ಕ ಗರಗಸದ ಹಲ್ಲಿನಂತೆ ಏಳುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಂದು ಹಳೆಯದು, ಒಂದು ಹೊಸದಾದರೆ ಎತ್ತರದ ವ್ಯತ್ಯಾಸದಿಂದ ಸಣ್ಣ ಚಕ್ರ ಉಜ್ಜಿಕೊಂಡು ಸವೆಯುತ್ತದೆ.

ಕರ್ನಾಟಕದಲ್ಲಿ

ಥಾಮ್ಸನ್ ಎದುರಿಸಿದ ಸನ್ನಿವೇಶ ಮೈಸೂರು ಜಿಲ್ಲೆಯ ಕಬ್ಬಿನ ಸೀಮೆಗೆ ಅಪರಿಚಿತವಲ್ಲ. ನಂಜನಗೂಡು ತಾಲ್ಲೂಕು ಕಪಿಲಾ ನದಿಯ ದಡದಲ್ಲಿದೆ; ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತದೆ. ಈ ನದಿಗಳ ನೀರಾವರಿ ಪ್ರದೇಶದ ಕಬ್ಬನ್ನು ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿರುವ ಸಕ್ಕರೆ ಕಾರ್ಖಾನೆ ಅರೆಯುತ್ತದೆ. ಕಬ್ಬಿಣದ ಪಟ್ಟಿಯ ಮರದ ಗಾಲಿಗಳ ಜಾಗಕ್ಕೆ ರಬ್ಬರ್ ಚಕ್ರಗಳ ಟೈರುಗಾಡಿ, ಮುಂದೆ ಟ್ರಾಕ್ಟರ್ ಮತ್ತು ಲಾರಿ ಬಂದವು. ಕೆಸರು ಗದ್ದೆಗೆ ಇಳಿಯುವ ಟ್ರಾಕ್ಟರಿಗೆ ಎತ್ತರದ ಕಟ್ಟೆಗಳ ಟೈರು ಬೇಕು. ಡಾಂಬರು ರಸ್ತೆಯಲ್ಲಿ ಓಡುವ ಲಾರಿಯ ಮುಂದಿನ ಚಕ್ರಕ್ಕೆ ಉದ್ದ ತೋಡುಗಳ ಟೈರು ಬೇಕು. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಮತ್ತು ತಿ. ನರಸೀಪುರದ ಮೂಲಕ ಕೊಳ್ಳೇಗಾಲ ತಲುಪುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ವಯನಾಡಿನ ಘಟ್ಟದ ತಿರುವುಗಳೂ ಬಯಲಿನ ನೇರ ಹಾದಿಯೂ ಸೇರಿವೆ. ತಿರುವುಗಳು ಟೈರಿನ ಅಂಚನ್ನು ಹೆಚ್ಚು ಉಜ್ಜುತ್ತವೆ.

ಲಾರಿ, ಬಸ್ಸುಗಳ ಟೈರುಗಳು ಮೈಸೂರಿನಲ್ಲಿಯೇ ತಯಾರಾಗುತ್ತವೆ. ಇಲ್ಲಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಜೆ.ಕೆ. ಸಮೂಹದ ಆಡಳಿತಕ್ಕೆ ಬಂದಿತು.

ಸ್ಮರಣೆ

ಜನ್ಮಶತಮಾನೋತ್ಸವದ ವರ್ಷವಾದ 1922ರಲ್ಲಿ ಸ್ಟೋನ್‌ಹೇವನ್‌ನಲ್ಲಿ ಥಾಮ್ಸನ್ನನ ನೆನಪಿಗೆ ಕಂಚಿನ ಫಲಕವನ್ನು ಸ್ಥಾಪಿಸಲಾಯಿತು. ಆತನ ಗೌರವಾರ್ಥ ಆ ಪಟ್ಟಣದಲ್ಲಿ ಹಳೆಯ ವಾಹನಗಳ ವಾರ್ಷಿಕ ಮೇಳವೂ ನಡೆದುಬಂದಿದೆ.