ಮಹಲನೋಬಿಸ್ ಕಟ್ಟಿದ ದಾರಿ

ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬುದು ನನ್ನ ಆಸೆ. ಅದರ ವಿಚಾರ ತಿಳಿಯಹೊರಟಾಗ ಸಿಕ್ಕವರು ಪ್ರಶಾಂತಚಂದ್ರ ಮಹಲನೋಬಿಸ್. 1893ರ ಜೂನ್ 29ರಂದು ಕಲ್ಕತ್ತದಲ್ಲಿ ಹುಟ್ಟಿದ ಅವರು ಓದಿದ್ದು ಭೌತಶಾಸ್ತ್ರ. ಸಂಖ್ಯಾಶಾಸ್ತ್ರದ ಪದವಿ ಪಡೆದವರೇ ಅಲ್ಲ! ಕೇಂಬ್ರಿಜ್‌ನಿಂದ ಮರಳುವಾಗ ಹಡಗಿನಲ್ಲಿ 'ಬಯೋಮೆಟ್ರಿಕಾ' ಪತ್ರಿಕೆಯ ಸಂಪುಟಗಳನ್ನು ಓದಿ ಈ ವಿಷಯಕ್ಕೆ ಮನಸೋತರು.

ಅವರ ಒಂದು ಕೆಲಸ ಮಲೆನಾಡಿನ ನಮಗೆ ಬೇಗ ಅರ್ಥವಾಗುತ್ತದೆ. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಗೆ ಭಾರೀ ನೆರೆ ಬಂತು. ನದಿಪಾತ್ರ ಏರಿದೆ, ಒಡ್ಡು ಎತ್ತರಿಸಬೇಕು ಎಂದು ಇಂಜಿನಿಯರುಗಳು ಹೇಳಿದರು. ಮಹಲನೋಬಿಸ್ ಸುಮಾರು 60 ವರ್ಷಗಳ ಅಂಕಿಅಂಶ ನೋಡಿ, ಪಾತ್ರ ಏರಿಲ್ಲ, ಮೇಲ್ಭಾಗದಲ್ಲಿ ಸುರಿದ ಮಳೆಯೇ ಕಾರಣವೆಂದು ತೋರಿಸಿದರು. ಘಟ್ಟದಲ್ಲಿ ಮಳೆ ಹಿಡಿದರೆ ಶೃಂಗೇರಿಯಲ್ಲಿ ತುಂಗೆ ಉಕ್ಕುವುದನ್ನು ನಾವು ನೋಡಿಲ್ಲವೇ?

1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. 1941ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಶುರುವಾಯಿತು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್, ಗಣಿತದ ಎಂ.ಎ. ಮುಗಿಸಿಕೊಂಡೇ ಅದಕ್ಕೆ ಸೇರಿ 1943ರಲ್ಲಿ ತೇರ್ಗಡೆಯಾದರು. 1959ರ ಕಾಯ್ದೆಯಿಂದ ಸಂಸ್ಥೆಗೇ ಪದವಿ ಕೊಡುವ ಅಧಿಕಾರ ಬಂತು. ಮಹಲನೋಬಿಸ್ ತೀರಿಕೊಂಡದ್ದು 1972ರ ಜೂನ್ 28ರಂದು, 79 ತುಂಬಲು ಒಂದೇ ದಿನ ಬಾಕಿಯಿದ್ದಾಗ.

ಆ ಸಂಸ್ಥೆಯ ಎಂ.ಸ್ಟಾಟ್. ಎರಡು ವರ್ಷದ್ದು. ಅದಕ್ಕೂ ಮೊದಲಿನ ಬಿ.ಸ್ಟಾಟ್.ಗೆ ಪಿಯುಸಿಯಲ್ಲಿ ಗಣಿತ ಓದಿರಲೇಬೇಕು. ಕೊಪ್ಪ, ಎನ್.ಆರ್. ಪುರದಿಂದ ಪ್ರಥಮ ಪಿಯುಸಿಗೆ ಬರುವ ತಮ್ಮ-ತಂಗಿಯರು ಕಾಂಬಿನೇಷನ್ ಬರೆಯುವ ಮೊದಲೇ ಇದನ್ನು ತಿಳಿದಿರಲಿ.