ಕಲಿಯುವವರಿಗಾಗಿ ವಿಮಾನ ಕಟ್ಟಿದ ಘಾಟಗೆ



ಬಂಟ್ವಾಳ, ಮೂಡುಬಿದಿರೆಯ ಕಡೆ ಆಕಾಶದಲ್ಲಿ ಸದ್ದು ಕೇಳಿದ ಕೂಡಲೇ ನೀವೆಲ್ಲ ತಲೆಯೆತ್ತಿ ನೋಡುತ್ತೀರಿ. ಬಜಪೆಯಲ್ಲಿ ಇಳಿಯಬೇಕಾದ ವಿಮಾನ ತಗ್ಗಿ ಬರುತ್ತಿರುತ್ತದೆ. ಆಗ ಎಲ್ಲರ ಕಣ್ಣೂ ದೊಡ್ಡ ರೆಕ್ಕೆಗಳ ಮೇಲೆಯೇ ಇರುತ್ತದೆ. ಹಿಂದೆ ಇರುವ ಪುಟ್ಟ ಬಾಲವನ್ನು ಗಮನಿಸುವವರು ಕಡಿಮೆ. ಆದರೆ ಆ ಬಾಲ ಇಲ್ಲದಿದ್ದರೆ, ಅಥವಾ ಅದು ಓರೆಯಾಗಿ ಕೂತಿದ್ದರೆ, ಅಷ್ಟು ದೊಡ್ಡ ವಿಮಾನವೂ ನೆಟ್ಟಗೆ ಹಾರಲಾರದು. ನೀವು ಕಾಗದದಲ್ಲಿ ಮಾಡುವ ಆಟಿಕೆ ವಿಮಾನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಈ ಸಂಚಿಕೆಯಲ್ಲಿ ನಮ್ಮ ಕರ್ನಾಟಕದಲ್ಲೇ ಕುಳಿತು ವಿಮಾನಗಳನ್ನು ವಿನ್ಯಾಸ ಮಾಡಿದ ಒಬ್ಬ ವಿಜ್ಞಾನಿಯ ಕಥೆ ಇದೆ. ಅವರ ಹೆಸರು ಡಾ. ವಿಷ್ಣು ಮಾಧವ ಘಾಟಗೆ. ಕೊನೆಯಲ್ಲಿ ನೀವೇ ಒಂದು ಪುಟ್ಟ ವಿಮಾನ ಮಾಡಿ, ಅದರ ಬಾಲವನ್ನು ಅಚ್ಚುಕಟ್ಟಾಗಿ ಅಂಟಿಸುವ ಕೆಲಸವೂ ಇದೆ.

ಗಡಿಯ ಊರಿನ ಹುಡುಗ

ಘಾಟಗೆಯವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಜಿಲ್ಲೆಯ ಹಸೂರ್‌ಚಂಪು ಎಂಬ ಹಳ್ಳಿಯಲ್ಲಿ. ಅದು ಗಡಹಿಂಗ್ಲಜ್ ಪಟ್ಟಣಕ್ಕೆ ಸೇರಿದ ಸೀಮೆ. ಅಲ್ಲಿಂದ ಸ್ವಲ್ಪ ದೂರ ಬಂದರೆ ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರ ಸಿಗುತ್ತದೆ.

ಅಮೆರಿಕದ ರೈಟ್ ಸಹೋದರರು ಮೊದಲ ಬಾರಿಗೆ ಎಂಜಿನ್ ಇರುವ ವಿಮಾನದಲ್ಲಿ ಹಾರಿದ್ದು 1903ರಲ್ಲಿ. ಘಾಟಗೆ ಹುಟ್ಟಿದಾಗ ಅದಕ್ಕೆ ಇನ್ನೂ ಐದೇ ವರ್ಷ. ಭಾರತದ ಆಕಾಶದಲ್ಲಿ ಅಷ್ಟರವರೆಗೆ ಒಂದು ವಿಮಾನವೂ ಹಾರಿರಲಿಲ್ಲ. ಮುಂದೆ ಇದೇ ಮಗು ಭಾರತದ ಸ್ವಂತ ವಿಮಾನಗಳ ನಕ್ಷೆ ಬಿಡಿಸುತ್ತದೆ ಎಂದು ಆ ಹಳ್ಳಿಯಲ್ಲಿ ಯಾರು ತಾನೇ ಎಣಿಸಿದ್ದರು?

ಗಾಳಿಯ ಪಾಠಶಾಲೆ

ಭಾರತದಲ್ಲಿ ಓದು ಮುಗಿಸಿದ ಘಾಟಗೆ ಹೆಚ್ಚಿನ ಅಧ್ಯಯನಕ್ಕೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಲುಡ್ವಿಗ್ ಪ್ರಾಂಟ್ಲ್. ಗಾಳಿಯ ಹರಿವನ್ನು ಕುರಿತು ಆ ಕಾಲದಲ್ಲಿ ಪ್ರಾಂಟ್ಲ್ ಅವರಷ್ಟು ತಿಳಿದವರು ಜಗತ್ತಿನಲ್ಲೇ ವಿರಳ.

ಪ್ರಾಂಟ್ಲ್ ಅವರು 1904ರಲ್ಲಿ ಒಂದು ಮುಖ್ಯ ವಿಷಯವನ್ನು ವಿವರಿಸಿದ್ದರು. ಗಾಳಿ ಒಂದು ವಸ್ತುವಿನ ಮೇಲೆ ಹರಿಯುವಾಗ, ಮೇಲ್ಮೈಗೆ ತಾಗಿದ ಗಾಳಿ ಅಲ್ಲೇ ಅಂಟಿಕೊಂಡಂತೆ ನಿಲ್ಲುತ್ತದೆ. ಅದರ ಮೇಲಿನ ತೆಳು ಪದರ ನಿಧಾನವಾಗಿ ಸಾಗುತ್ತದೆ. ಇನ್ನೂ ಮೇಲಿನ ಗಾಳಿ ಪೂರ್ಣ ವೇಗದಲ್ಲಿ ಓಡುತ್ತದೆ. ವಿಮಾನ ಮೂಗನ್ನು ತೀರಾ ಮೇಲೆತ್ತಿದರೆ ಈ ತೆಳು ಪದರ ರೆಕ್ಕೆಯನ್ನು ಬಿಟ್ಟು ಚದರಿಹೋಗುತ್ತದೆ. ಆಗ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು.

ಇಂಥ ಸಂಗತಿಗಳನ್ನು ಪರೀಕ್ಷಿಸಲು ಗಾಟಿಂಗೆನ್‌ನಲ್ಲಿ ಗಾಳಿ ಸುರಂಗವಿತ್ತು. ಗಾಳಿ ಸುರಂಗದಲ್ಲಿ ವಿಮಾನ ಓಡುವುದಿಲ್ಲ. ಅದರ ಪುಟ್ಟ ಮಾದರಿಯನ್ನು ಒಂದೇ ಕಡೆ ನಿಲ್ಲಿಸಿ, ದೊಡ್ಡ ಪಂಖದಿಂದ ಅದರ ಮೇಲೆ ಗಾಳಿ ಹಾಯಿಸುತ್ತಾರೆ. ಗಾಳಿ ಮಾದರಿಯನ್ನು ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ತಳ್ಳುತ್ತದೆ ಎಂದು ತೂಗಿ ನೋಡುತ್ತಾರೆ. ದೊಡ್ಡ ವಿಮಾನ ಕಟ್ಟಿ ಕೆಡಿಸುವ ಬದಲು ಚಿಕ್ಕ ಮಾದರಿಯಿಂದಲೇ ತಪ್ಪನ್ನು ಕಂಡುಕೊಳ್ಳುವ ಉಪಾಯ ಇದು. 1936ರಲ್ಲಿ ಘಾಟಗೆ ಅಲ್ಲಿ ಡಾಕ್ಟರೇಟ್ ಪಡೆದು ಭಾರತಕ್ಕೆ ಮರಳಿದರು.

ಬೆಂಗಳೂರಿಗೆ ಬಂದರು

ಆಗ ಭಾರತದಲ್ಲಿ ವಿಮಾನ ಕಾರ್ಖಾನೆ ಎಂಬುದೇ ಇರಲಿಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಇಂದು ನಾವು ಎಚ್.ಎ.ಎಲ್. ಎಂದು ಕರೆಯುವ ಸಂಸ್ಥೆಯ ಮೂಲ ಅದೇ. ಘಾಟಗೆ ಆ ಕಾರ್ಖಾನೆ ಸೇರಿದರು.

1941ರಲ್ಲೇ ಅವರು ಹತ್ತು ಜನ ಕೂರಬಹುದಾದ ಒಂದು ಗ್ಲೈಡರ್ ವಿನ್ಯಾಸ ಮಾಡಿದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುತ್ತದೆ. ಹಗ್ಗ ಬಿಟ್ಟ ಮೇಲೆ ಅದು ಹದ್ದಿನಂತೆ ತೇಲುತ್ತ ಇಳಿಯುತ್ತದೆ.

ಆದರೆ ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಹೊಸ ವಿಮಾನ ಕಟ್ಟುವುದಕ್ಕಿಂತ ಯುದ್ಧದಲ್ಲಿ ಕೆಟ್ಟುಬಂದ ಬೇರೆ ದೇಶಗಳ ವಿಮಾನಗಳನ್ನು ರಿಪೇರಿ ಮಾಡುವುದೇ ಕಾರ್ಖಾನೆಯ ಮುಖ್ಯ ಕೆಲಸವಾಯಿತು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಘಾಟಗೆ ಅದರ ಮೊದಲ ಮುಖ್ಯಸ್ಥರಾದರು. ರಿಪೇರಿ ಕಲಿತ ದೇಶ ಒಂದು ದಿನ ನಕ್ಷೆ ಬಿಡಿಸುವುದನ್ನೂ ಕಲಿಯಬೇಕಲ್ಲವೇ? ಅದಕ್ಕೆ ಓದಿದ ಎಂಜಿನಿಯರುಗಳು ಬೇಕಿದ್ದರು.

ಮೊದಲ ಸವಾಲು: ಎಚ್.ಟಿ.-2

ಸ್ವಾತಂತ್ರ್ಯ ಬಂದಿತು. ವಾಯುಪಡೆಗೆ ಸೇರುವ ತರುಣರಿಗೆ ಹಾರಾಟ ಕಲಿಸಲು ತರಬೇತಿ ವಿಮಾನ ಬೇಕಾಯಿತು. ಅದನ್ನು ನಾವೇ ಕಟ್ಟಬಲ್ಲೆವೇ? ಈ ಹೊಣೆ ಘಾಟಗೆಯವರ ತಂಡದ ಮೇಲೆ ಬಿತ್ತು.

ತರಬೇತಿ ವಿಮಾನ ಚಿಕ್ಕದು, ಆದರೆ ಕೆಲಸ ಸುಲಭದ್ದಲ್ಲ. ಅದನ್ನು ನಡೆಸುವವರು ಹೊಸಬರು. ಸೈಕಲ್ ಕಲಿಯುವಾಗ ನೀವು ಹ್ಯಾಂಡಲ್ ಅಲುಗಿಸಿದಂತೆ ಅವರೂ ತಪ್ಪು ಮಾಡುತ್ತಾರೆ. ಸೈಕಲ್‌ನಿಂದ ಬಿದ್ದರೆ ಮೊಣಕಾಲು ತರಚುತ್ತದೆ. ಆಕಾಶದಲ್ಲಿ ತಪ್ಪಿದರೆ ಪ್ರಾಣವೇ ಹೋಗಬಹುದು. ಮೂಗನ್ನು ಜಾಸ್ತಿ ಎತ್ತಿ ವೇಗ ಕಳೆದುಕೊಂಡ ವಿಮಾನ ಬುಗುರಿಯಂತೆ ಗಿರಗಿರನೆ ಸುತ್ತುತ್ತ ಕೆಳಗಿಳಿಯುವುದುಂಟು. ಕಲಿಯುವವನು ತಪ್ಪನ್ನು ತಿದ್ದಿಕೊಂಡಾಗ ವಿಮಾನ ಅವನ ಮಾತು ಕೇಳಿ ನೆಟ್ಟಗಾಗಬೇಕು. ಹೀಗೆ ನೆಟ್ಟಗಾಗಿಸುವ ಕೆಲಸದಲ್ಲಿ ಬಾಲದ ಪಾಲು ದೊಡ್ಡದು.

ಬಾಲ ಏನು ಮಾಡುತ್ತದೆ?

ಬಾಣದ ಹಿಂದೆ ಗರಿ ಕಟ್ಟುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಬಾಣ ಓರೆಯಾದರೆ ಗಾಳಿ ಗರಿಗೆ ಬಡಿದು ಮತ್ತೆ ದಾರಿಗೆ ತರುತ್ತದೆ. ವಿಮಾನದ ಬಾಲದಲ್ಲಿ ಎರಡು ಭಾಗಗಳಿವೆ.

ಮಲಗಿದಂತೆ ಇರುವುದು ಅಡ್ಡ ಬಾಲ. ವಿಮಾನದ ಮೂಗು ಮೇಲೆದ್ದರೆ ಬಾಲ ತಗ್ಗುತ್ತದೆ. ಆಗ ಗಾಳಿ ಅಡ್ಡ ಬಾಲದ ಕೆಳಗಿನಿಂದ ಒತ್ತಿ ಅದನ್ನು ಮೇಲೆತ್ತುತ್ತದೆ. ಮೂಗು ತಾನಾಗಿ ಕೆಳಗಿಳಿಯುತ್ತದೆ. ನಿಂತಂತೆ ಇರುವುದು ನೆಟ್ಟ ಬಾಲ. ಮೂಗು ಎಡಕ್ಕೋ ಬಲಕ್ಕೋ ಹೊರಳಿದರೆ ಇದು ಸರಿದಾರಿಗೆ ತರುತ್ತದೆ. ಬಾಲಗಳ ಹಿಂಬದಿಯಲ್ಲಿ ಅಲುಗಾಡುವ ಪಟ್ಟಿಗಳಿರುತ್ತವೆ. ಪೈಲಟ್ ಅವುಗಳಿಂದ ಮೂಗನ್ನು ಏರಿಸುತ್ತಾನೆ, ಇಳಿಸುತ್ತಾನೆ, ತಿರುಗಿಸುತ್ತಾನೆ.

ಇದು ಮೊದಲು ತಿಳಿದದ್ದು ಆಟಿಕೆಯಂಥ ಮಾದರಿಗಳಿಂದಲೇ! ಇಂಗ್ಲೆಂಡಿನ ಜಾರ್ಜ್ ಕೇಲಿ 1804ರಲ್ಲಿ ಒಂದು ಕೋಲಿಗೆ ಗಾಳಿಪಟವನ್ನು ರೆಕ್ಕೆಯಾಗಿ ಕಟ್ಟಿ, ಹಿಂದೆ ಬಾಲ ಜೋಡಿಸಿ ಹಾರಿಸಿದರು. ಫ್ರಾನ್ಸಿನ ಆಲ್ಫೋನ್ಸ್ ಪೆನೊ 1871ರಲ್ಲಿ ರಬ್ಬರ್ ಹುರಿಯಿಂದ ಓಡುವ ಪುಟ್ಟ ವಿಮಾನ ಮಾಡಿದರು. ಬಾಲವನ್ನು ಸರಿಯಾದ ಕೋನದಲ್ಲಿ ಕೂರಿಸಿದ್ದರಿಂದ ಅದು ಯಾರ ಸಹಾಯವೂ ಇಲ್ಲದೆ 11 ಸೆಕೆಂಡ್‌ಗಳಲ್ಲಿ ಸುಮಾರು 40 ಮೀಟರ್ ದೂರ ನೆಟ್ಟಗೆ ಹಾರಿತು.

ಹಾರಿತು ನಮ್ಮ ವಿಮಾನ

1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಎಚ್.ಟಿ.-2 ಮೊದಲ ಬಾರಿಗೆ ಮೇಲೇರಿತು. ಹಿಂದೂಸ್ತಾನ್ ಟ್ರೈನರ್ ಎಂಬುದರ ಚಿಕ್ಕ ರೂಪವೇ ಎಚ್.ಟಿ. ಲೋಹದಿಂದ ಮಾಡಿದ ಪುಟ್ಟ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10.7 ಮೀಟರ್, ಮೂಗಿನಿಂದ ಬಾಲಕ್ಕೆ ಸುಮಾರು 7.5 ಮೀಟರ್. ಒಬ್ಬರ ಹಿಂದೆ ಒಬ್ಬರು ಕೂರಲು ಎರಡು ಆಸನಗಳು. ಒಂದು ಗುರುವಿಗೆ, ಒಂದು ಶಿಷ್ಯನಿಗೆ.

ಅದೇ ವರ್ಷದ ಡಿಸೆಂಬರ್ 25ರಂದು ನಮ್ಮ ಬಜಪೆ ವಿಮಾನ ನಿಲ್ದಾಣ ಆರಂಭವಾಯಿತು. ಅಲ್ಲಿಗೆ ಬಂದಿಳಿದದ್ದು ವಿದೇಶದಲ್ಲಿ ತಯಾರಾದ ಡಕೋಟಾ ವಿಮಾನ. ಆದರೆ ಅಷ್ಟರಲ್ಲಿ ಬೆಂಗಳೂರಿನಲ್ಲಿ ನಮ್ಮದೇ ನಕ್ಷೆಯ ವಿಮಾನ ಹಾರಿ ಆಗಿತ್ತು.

ಭಾರತದಲ್ಲೇ ವಿನ್ಯಾಸಗೊಂಡು, ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಮೊದಲ ಎಂಜಿನ್ ವಿಮಾನ ಎಚ್.ಟಿ.-2. 150ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ನಮ್ಮ ಬೀದರ್‌ನ ತರಬೇತಿ ಶಾಲೆಯಲ್ಲಿ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರಲ್ಲೇ. ಆಫ್ರಿಕಾದ ಘಾನಾ ದೇಶ ತನ್ನ ವಾಯುಪಡೆ ಕಟ್ಟುವಾಗಲೂ ಈ ವಿಮಾನಗಳನ್ನು ಪಡೆಯಿತು.

1958ರಲ್ಲಿ ಪುಷ್ಪಕ್ ಬಂದಿತು. ಇದು ಲೋಹದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಹಗುರ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಸಾಮಾನ್ಯ ಜನರೂ ಹಾರಾಟ ಕಲಿಯಲು ಇದು ನೆರವಾಯಿತು. ಮರುವರ್ಷ ಕೃಷಕ್ ಹಾರಿತು. 1964ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಹಾರಿತು. ನೋಡಿ, ಘಾಟಗೆಯವರ ಹೆಸರಿನೊಡನೆ ಸೇರಿದ ವಿಮಾನಗಳಲ್ಲಿ ಹೆಚ್ಚಿನವು ಕಲಿಯುವವರಿಗಾಗಿಯೇ ಕಟ್ಟಿದವು!

ಮರದ ಯುದ್ಧವಿಮಾನ

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ಮುಂದಾಳುತನದಲ್ಲಿ ಮಾರುತ್ ಎಂಬ ಜೆಟ್ ಯುದ್ಧವಿಮಾನದ ಕೆಲಸ ಶುರುವಾಯಿತು. ಘಾಟಗೆ ಬೆಳೆಸಿದ್ದ ವಿನ್ಯಾಸ ವಿಭಾಗ ಅವರ ಜೊತೆ ದುಡಿಯಿತು.

ನೇರವಾಗಿ ಲೋಹದ ಜೆಟ್ ಕಟ್ಟಿ ಹಾರಿಸಿದರೆ ಅಪಾಯ. ಆದ್ದರಿಂದ ಅವರು ಒಂದು ಕೆಲಸ ಮಾಡಿದರು. ಮಾರುತ್‌ನ ಪೂರ್ಣ ಅಳತೆಯ ಮಾದರಿಯನ್ನು ಮರದಲ್ಲೇ ಕಟ್ಟಿದರು. ಎಂಜಿನ್ ಇಲ್ಲ. ಆದರೆ ರೆಕ್ಕೆ, ಬಾಲಗಳ ಆಕಾರ ಮತ್ತು ಅಳತೆ ಮಾತ್ರ ನಿಜವಾದ ವಿಮಾನದ್ದೇ. 1959ರ ಏಪ್ರಿಲ್ 3ರಂದು ಒಂದು ಡಕೋಟಾ ವಿಮಾನ ಈ ಮರದ ಗ್ಲೈಡರನ್ನು ಆಕಾಶಕ್ಕೆ ಎಳೆದೊಯ್ದಿತು. ಮುಂದಿನ ಒಂದು ವರ್ಷದಲ್ಲಿ ಅದು 78 ಬಾರಿ ಹಾರಿತು. ಅದು ಹೇಗೆ ತಿರುಗುತ್ತದೆ, ನಿಧಾನವಾದಾಗ ಹೇಗೆ ವರ್ತಿಸುತ್ತದೆ ಎಂಬುದೆಲ್ಲ ಹೀಗೆ ತಿಳಿಯಿತು. ಆಮೇಲೆ, 1961ರ ಜೂನ್ 17ರಂದು, ಲೋಹದ ಮಾರುತ್ ಹಾರಿತು. ಅದನ್ನು ನಡೆಸಿದ ಸುರಂಜನ್ ದಾಸ್ ಅವರ ಹೆಸರು ಈಗಲೂ ಬೆಂಗಳೂರಿನ ಒಂದು ರಸ್ತೆಗೆ ಇದೆ.

ಘಾಟಗೆಯವರಿಗೆ 1965ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 1991ರ ಡಿಸೆಂಬರ್‌ನಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ವಿನ್ಯಾಸ ಮಾಡಿದ ವಿಮಾನಗಳಲ್ಲಿ ಕಲಿತವರು ಮುಂದೆ ದೊಡ್ಡ ದೊಡ್ಡ ವಿಮಾನಗಳನ್ನು ನಡೆಸಿದರು.

ಮಾಡಿ ನೋಡಿ: ನೆಟ್ಟಗೆ ಹಾರುವ ಗ್ಲೈಡರ್

ಬೇಕಾದವು: ಹಳೆಯ ಮದುವೆ ಕಾಗದದಂಥ ದಪ್ಪ ಕಾಗದ, 20 ಸೆಂ.ಮೀ. ಉದ್ದದ ಚಪ್ಪಟೆ ಬಿದಿರಿನ ಕಡ್ಡಿ (ಸೀಳಲು ಹಿರಿಯರ ಸಹಾಯ ಪಡೆಯಿರಿ), ಬಿಳಿ ಅಂಟು, ಬೆಂಕಿಕಡ್ಡಿ, ದಾರ, ಬಟ್ಟೆ ಒಣಗಿಸುವ ಕ್ಲಿಪ್, ಜೇಡಿಮಣ್ಣು.

1. ರೆಕ್ಕೆ 24 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಅಡ್ಡ ಬಾಲ 10 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ. ನೆಟ್ಟ ಬಾಲ 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ. ನೆಟ್ಟ ಬಾಲದ ಬುಡದಲ್ಲಿ ಅಂಟಿಸಲು ಅರ್ಧ ಸೆಂ.ಮೀ. ಹೆಚ್ಚುವರಿ ಬಿಟ್ಟು ಕತ್ತರಿಸಿ, ಆ ಭಾಗವನ್ನು ಮಡಚಿ.

2. ಮೂರಕ್ಕೂ ಪೆನ್ಸಿಲಿನಿಂದ ನಡುಗೆರೆ ಎಳೆಯಿರಿ. ರೆಕ್ಕೆಯನ್ನು ನಡುವಿನಲ್ಲಿ ಸ್ವಲ್ಪ ಮಡಚಿ, ತುದಿಗಳು 2 ಸೆಂ.ಮೀ. ಮೇಲಿರುವಂತೆ ಮಾಡಿ. ಕಡ್ಡಿಯ ಮುಂತುದಿಯಿಂದ 5 ಸೆಂ.ಮೀ. ಬಿಟ್ಟು ರೆಕ್ಕೆಯನ್ನು ಅಂಟಿಸಿ.

3. ಬಾಲವನ್ನು ಮೊದಲು ಅಂಟು ಹಚ್ಚದೆ ಕೂರಿಸಿ ನೋಡಿ. ಆಮೇಲೆ ಬೆಂಕಿಕಡ್ಡಿಯ ತುದಿಯಿಂದ ತೆಳುವಾಗಿ ಅಂಟು ಸವರಿ. ಅಡ್ಡ ಬಾಲವನ್ನು ಕಡ್ಡಿಯ ಹಿಂತುದಿಯಲ್ಲಿಟ್ಟು ಕ್ಲಿಪ್ ಹಾಕಿ. ಹೊರಗೆ ಬಂದ ಅಂಟನ್ನು ಒಣಗುವ ಮೊದಲೇ ಒರೆಸಿ.

4. ಕಡ್ಡಿಯ ಮೂಗಿನಿಂದ ಅಡ್ಡ ಬಾಲದ ಎಡ ತುದಿಗೂ ಬಲ ತುದಿಗೂ ದಾರ ಹಿಡಿದು ಅಳೆಯಿರಿ. ಎರಡೂ ಸಮವಾಗಿರಬೇಕು. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಬಾಲದ ಒಂದು ತುದಿ ಇನ್ನೊಂದಕ್ಕಿಂತ ಮೇಲೆ ಇರಬಾರದು.

5. ಅಡ್ಡ ಬಾಲದ ಅಂಟು ಒಣಗಿದ ಮೇಲೆ ಕ್ಲಿಪ್ ತೆಗೆದು, ನೆಟ್ಟ ಬಾಲವನ್ನು ನಡುಗೆರೆಯ ಮೇಲೆ ಅಂಟಿಸಿ. ಜಾಮಿತಿ ಪೆಟ್ಟಿಗೆಯ ಮೂಲೆಪಟ್ಟಿ ಇಟ್ಟು 90 ಡಿಗ್ರಿ ಇದೆಯೇ ನೋಡಿ. ರಾತ್ರಿಯಿಡೀ ಒಣಗಲು ಬಿಡಿ. ಬೆಳ್ತಂಗಡಿಯ ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅಂಟು ಒಣಗಲು ಇನ್ನೂ ಹೆಚ್ಚು ಸಮಯ ಬೇಕು. ಅವಸರ ಬೇಡ.

6. ರೆಕ್ಕೆಯ ಮುಂದಿನ ಅಂಚಿನಿಂದ ಮೂರನೇ ಒಂದು ಭಾಗದಷ್ಟು ಹಿಂದೆ, ಕೆಳಗಿನಿಂದ ಎರಡು ಬೆರಳ ಮೇಲೆ ಗ್ಲೈಡರನ್ನು ನಿಲ್ಲಿಸಿ. ಅದು ಸಮವಾಗಿ ನಿಲ್ಲುವವರೆಗೆ ಮೂಗಿಗೆ ಜೇಡಿಮಣ್ಣು ಅಂಟಿಸಿ. ಗಾಳಿ ಇಲ್ಲದ ಕೋಣೆಯಲ್ಲಿ, ಮೆಲ್ಲಗೆ, ನೇರವಾಗಿ ಮುಂದಕ್ಕೆ ಬಿಡಿ.

ಅಂಟು ಕಡಿಮೆ ಇರಲಿ ಎಂದದ್ದು ಏಕೆ? ಸನ್ನೆಯ ಪಾಠ ನೆನಪಿಸಿಕೊಳ್ಳಿ. ಬಾಲ ಸಮತೋಲನದ ಬಿಂದುವಿನಿಂದ ಸುಮಾರು 12 ಸೆಂ.ಮೀ. ಹಿಂದಿದೆ. ಮೂಗು ಸುಮಾರು 6 ಸೆಂ.ಮೀ. ಮುಂದಿದೆ. ಬಾಲದಲ್ಲಿ 1 ಗ್ರಾಂ ಅಂಟು ಜಾಸ್ತಿಯಾದರೆ ಮೂಗಿಗೆ 2 ಗ್ರಾಂ ಮಣ್ಣು ಹಾಕಬೇಕು. ಒಟ್ಟು 3 ಗ್ರಾಂ ಹೊರೆ ಬಿದ್ದಂತಾಯಿತು!

ಗ್ಲೈಡರ್ ಸದಾ ಒಂದೇ ಕಡೆಗೆ ತಿರುಗಿದರೆ ನೆಟ್ಟ ಬಾಲ ಓರೆಯಾಗಿದೆಯೇ ನೋಡಿ. ಮೂಗು ಎತ್ತಿ, ನಿಂತು, ಬಿದ್ದರೆ ಮೂಗಿಗೆ ಚೂರು ಮಣ್ಣು ಸೇರಿಸಿ. ನೇರ ನೆಲಕ್ಕೆ ತಿವಿದರೆ ಅಡ್ಡ ಬಾಲದ ಹಿಂದಿನ ಅಂಚನ್ನು ತುಸು ಮೇಲಕ್ಕೆ ಬಾಗಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಎಷ್ಟು ದೂರ ಹಾರಿತು ಎಂದು ಬರೆದಿಡಿ. ಆ ಮರದ ಮಾರುತ್ 78 ಬಾರಿ ಹಾರಿತ್ತು. ನಿಮ್ಮ ಗ್ಲೈಡರ್ ನೆಟ್ಟಗೆ ಹಾರಲು ಎಷ್ಟು ಸಲ ಬೇಕಾಯಿತು? ತರಗತಿಯಲ್ಲಿ ಎಲ್ಲರ ಲೆಕ್ಕವನ್ನೂ ಹೋಲಿಸಿ ನೋಡಿ.